ಶಿರಸಿಯ ಮುಖ್ಯ ಕಚೇರಿಯಲ್ಲಿ ಕೂತು ಕುಮಟಾ ಶಾಖೆಯ ಕಂಪ್ಯೂಟರಿಗೆ ಕಮಾಂಡ್ ಕೊಡುವುದು ಹೇಗೆ?

ದೂರದ ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸುವ ಪಿಎಸ್‌ಎಕ್ಸೆಕ್ ಎಂಬ ಸಾಧನ ಬಳಸಿದರೆ ಆಂಟಿವೈರಸ್ ತಡೆಯುತ್ತಿದೆ, ಬೇರೆ ದಾರಿ ಏನು ಎಂದು ಕೇಳಿದ್ದೀರಿ. ತಡೆಯದೆ ಏನು ಮಾಡೀತು? ಅದು 445ನೇ ಪೋರ್ಟಿನಿಂದ (ಫೈಲ್ ಹಂಚಿಕೆಯ ನೆಟ್‌ವರ್ಕ್ ಬಾಗಿಲು) ಹೋಗಿ, ಆಚೆ ಕಂಪ್ಯೂಟರಿನಲ್ಲಿ ತನ್ನದೊಂದು ಫೈಲ್ ಇಳಿಸಿ, ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಶುರುಮಾಡಿ ಕೆಲಸ ಮಾಡುತ್ತದೆ. ಹ್ಯಾಕರ್‌ಗಳು ಹಿಡಿಯುವ ದಾರಿಯೂ ಅದೇ.

ಎಲ್ಲ ಶಾಖೆಗಳೂ ಒಂದೇ ಡೊಮೇನ್‌ನಲ್ಲಿದ್ದರೆ (ಒಂದೇ ಕಡೆಯಿಂದ ನಿರ್ವಹಿಸುವ ವಿಂಡೋಸ್ ಕಂಪ್ಯೂಟರುಗಳ ಗುಂಪು) ಪವರ್‌ಶೆಲ್ ರಿಮೋಟಿಂಗ್, ಅಂದರೆ ವಿಂಡೋಸ್‌ನದೇ ದೂರದಿಂದ ಕಮಾಂಡ್ ಕೊಡುವ ಸೌಲಭ್ಯ, ಸಾಕು. ವಿಂಡೋಸ್ ಸರ್ವರ್ 2012ರಿಂದೀಚೆಗೆ ಸರ್ವರ್‌ಗಳಲ್ಲಿ ಅದು ಮೊದಲೇ ಚಾಲೂ ಇರುತ್ತದೆ. ಕೌಂಟರ್‌ನ ವಿಂಡೋಸ್ 10, 11 ಯಂತ್ರಗಳಲ್ಲಿ ಇರುವುದಿಲ್ಲ. ಡೊಮೇನ್‌ನ ಯಂತ್ರಗಳಿಗೆಲ್ಲ ಒಟ್ಟಿಗೆ ಸೆಟ್ಟಿಂಗ್ ಕೊಡುವ ಗ್ರೂಪ್ ಪಾಲಿಸಿಯಿಂದ, ರಿಮೋಟಿಂಗ್‌ಗೆ ಬೇಕಾದ ವಿನ್‌ಆರ್‌ಎಮ್ ಸರ್ವಿಸ್ ಚಾಲೂ ಮಾಡಿ, ಫೈರ್‌ವಾಲ್‌ನಲ್ಲಿ ಅದರ 5985ನೇ ಪೋರ್ಟನ್ನು ಮುಖ್ಯ ಕಚೇರಿಯ ಒಂದೇ ಐಪಿ ವಿಳಾಸಕ್ಕೆ ತೆರೆಯಿರಿ. ಎಲ್ಲರಿಗೂ ತೆರೆದಿಡಬೇಡಿ. ಪೋರ್ಟ್ ಎಚ್‌ಟಿಟಿಪಿಯದಾದರೂ ಡೊಮೇನ್ ಒಳಗೆ ಕೆರ್ಬರೋಸ್ ಎಂಬ ಗುರುತು ಪರಿಶೀಲಿಸುವ ವ್ಯವಸ್ಥೆ ಇರುವುದರಿಂದ ಮಾಹಿತಿ ಗೂಢಲಿಪಿಯಲ್ಲೇ ಹೋಗುತ್ತದೆ.

ಆಮೇಲೆ ಪವರ್‌ಶೆಲ್‌ನ ‘ಇನ್ವೋಕ್-ಕಮಾಂಡ್’ಗೆ ಕಂಪ್ಯೂಟರ್ ಹೆಸರುಗಳನ್ನು ಕೊಟ್ಟರಾಯಿತು, ನೀವು ಮಿತಿ ಬದಲಿಸದಿದ್ದರೆ ಒಂದೇ ಸಲ 32 ಯಂತ್ರಗಳವರೆಗೆ ಓಡುತ್ತದೆ. ಮಳೆಗಾಲದಲ್ಲಿ ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವುದು ತಪ್ಪಿತಲ್ಲ! ನಿಮ್ಮ ಖಾತೆಗೆ ಆ ಯಂತ್ರಗಳಲ್ಲಿ ಅಡ್ಮಿನ್ ಹಕ್ಕು ಇರಬೇಕು, ಅಷ್ಟೆ.

ಒಂದು ತೊಡಕು: ಕುಮಟಾದ ಯಂತ್ರದೊಳಗಿಂದ ಮತ್ತೊಂದು ಸರ್ವರ್‌ನ ಫೋಲ್ಡರ್ ತೆರೆಯಹೋದರೆ ‘ಆಕ್ಸೆಸ್ ಡಿನೈಡ್’ ಬರುತ್ತದೆ, ನಿಮ್ಮ ಗುರುತು ಎರಡನೇ ಜಿಗಿತಕ್ಕೆ ಜೊತೆಗೆ ಹೋಗುವುದಿಲ್ಲ. ಬೇಕಾದ ಫೈಲನ್ನು ‘ಕಾಪಿ-ಐಟಮ್’ನಿಂದ ಮೊದಲೇ ಅಲ್ಲಿಗೆ ಕಳಿಸಿಬಿಡಿ.