ಪಿಎಚ್ 5 ತೂಗುದೀಪಕ್ಕೆ ಯಾವ ಬಲ್ಬ್?

ಒಂದರ ಕೆಳಗೊಂದು ತಟ್ಟೆಗಳಿರುವ ನಿಮ್ಮ ಪಿಎಚ್ 5 ತೂಗುದೀಪಕ್ಕೆ ಎಲ್‌ಇಡಿ ಹಾಕಿದ ಮೇಲೆ ಮೇಲಿನ ತಟ್ಟೆಗಳು ಮಂಕಾಗಿವೆ, ಊಟದ ಮೇಜಿನ ಅಂಚಿಗೆ ಬೆಳಕು ಸಾಲದು ಎಂದು ಬರೆದಿದ್ದೀರಿ. ದೋಷ ದೀಪದ್ದಲ್ಲ, ಬಲ್ಬಿನದು ಅನ್ನಿಸುತ್ತದೆ.

ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ಸನ್ 1958ರಲ್ಲಿ ಲೂಯಿ ಪೌಲ್ಸನ್ ಕಂಪನಿಗಾಗಿ ಇದನ್ನು ರೂಪಿಸಿದರು. ಹೆಸರಿನ 5 ಅಂದರೆ ದೊಡ್ಡ ತಟ್ಟೆಯ 50 ಸೆಂ.ಮೀ. ವ್ಯಾಸ. ಬಲ್ಬ್ ನೇರ ಕಣ್ಣಿಗೆ ಬೀಳಬಾರದು, ಬೆಳಕು ತಟ್ಟೆಗಳಿಗೆ ತಾಗಿ ಚದುರಿ ಬರಬೇಕು ಎಂಬುದೇ ಇಲ್ಲಿನ ಲೆಕ್ಕ. ಹಳೆಯ ತಂತಿ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಅಗ್ಗದ ಎಲ್‌ಇಡಿಯ ಅರ್ಧ ಭಾಗ ಬರೀ ಬಿಳಿ ಪ್ಲಾಸ್ಟಿಕ್. ಬೆಳಕು ಮುಂದಕ್ಕೆ ಮಾತ್ರ. ತೂಗುಹಾಕಿದಾಗ ಆ ಪ್ಲಾಸ್ಟಿಕ್ ಭಾಗವೇ ಮೇಲಿರುತ್ತದೆ, ಮೇಲಿನ ತಟ್ಟೆಗೆ ಬೆಳಕು ಹೋಗುವುದೆಲ್ಲಿಂದ?

ಹಳೆಯ ಬಲ್ಬಿನಂತೆ ಸುತ್ತಲೂ ಬೆಳಕು ಚೆಲ್ಲುವ, ಹಾಲುಬಣ್ಣದ ಗಾಜಿನ ಫಿಲಮೆಂಟ್ ಎಲ್‌ಇಡಿ ತನ್ನಿ: 2700 ಕೆಲ್ವಿನ್ (ಬೆಚ್ಚನೆಯ ಹಳದಿ ಛಾಯೆ), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ರ ಮೇಲೆ. ದೀಪದ ಒಳಗಿನ ಕೆಂಪು, ನೀಲಿ ಬಣ್ಣ ಬರೀ ಅಲಂಕಾರವಲ್ಲ. ಕಣ್ಣು ಹಳದಿ-ಹಸಿರಿಗೆ ಹೆಚ್ಚು ಸ್ಪಂದಿಸುವುದರಿಂದ ಬೆಳಕಿನ ಬಣ್ಣಗಳ ಸಾಲಿನ ಎರಡು ತುದಿಗಳಾದ ಕೆಂಪು, ನೀಲಿಗೆ ಒತ್ತು ಕೊಡಲು ಬಳಿದದ್ದು. ಬಲ್ಬಿನ ಬೆಳಕಿನಲ್ಲೇ ಕೆಂಪು ಕಡಿಮೆಯಿದ್ದರೆ ಆ ಬಣ್ಣ ಏನು ಮಾಡೀತು! ಬೆಳಕು ಏರಿಳಿಸುವ ಡಿಮ್ಮರ್ ಇದ್ದರೆ ಡಿಮ್ ಆಗುವ ಬಲ್ಬನ್ನೇ ಕೇಳಿ, ಬೇರೆ ಬಲ್ಬ್ ಹಾಕಿದರೆ ಮಿಣುಕಬಹುದು.

ನಮ್ಮ ಅಂಗಡಿಗಳಲ್ಲಿ ಬಲ್ಬ್ ಅಂದರೆ ಎರಡು ಪಿನ್ನಿನ ಬಿ22 ಕೊಟ್ಟುಬಿಡುತ್ತಾರೆ. ನಿಮ್ಮ ಹೋಲ್ಡರ್ ತಿರುಪಿನ ಇ27 ಆಗಿದ್ದರೆ ಅದನ್ನೇ ಕೇಳಿ ಪಡೆಯಿರಿ. ಅಡಾಪ್ಟರ್ ಬೇಡ, ಬಲ್ಬ್ ಕೆಳಗಿಳಿದು ತಟ್ಟೆಗಳ ಲೆಕ್ಕವೇ ತಪ್ಪುತ್ತದೆ.

ಎತ್ತರ: ಮೇಜಿನಿಂದ ದೀಪದ ಕೆಳಅಂಚಿಗೆ ಸುಮಾರು 60 ಸೆಂ.ಮೀ.