ಓದುಗರ ಪ್ರಶ್ನೆ: ಇಂಗ್ಲೆಂಡಿನ ಹಳೇ ಲಾರಿಗಳಲ್ಲಿ ಕ್ಲೀನರ್ ಇರುತ್ತಿದ್ದನೇ?

ಹೋದ ಸಂಚಿಕೆಯಲ್ಲಿ ಡೀಸೆಲ್ ಪಂಪಿನ ಬಗ್ಗೆ ಉತ್ತರ ಬರೆಯುವಾಗ, 1962ರಿಂದ ಆರು ವರ್ಷ ನಾನು ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಲಾರಿ ಕೆಲಸ ಮಾಡಿದ್ದೆ ಅಂತ ಒಂದು ಮಾತು ಬರೆದಿದ್ದೆ. ಆ ಒಂದು ಮಾತಿಗೆ ಬಂದ ಕಾಗದಗಳು ಒಂದು ಚೀಲ ತುಂಬಿವೆ. ರಿಪೇರಿ ಪ್ರಶ್ನೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಈ ಸಲ ಪೂರ್ತಿ ಆ ಹಳೇ ಲಾರಿಗಳ ಮಾತೇ.

ಪ್ರಶ್ನೆ: ನಮ್ಮ ತಾತನ ಹತ್ತಿರ ಒಂದು ಕಾಮೆಟ್ ಲಾರಿ ಇತ್ತು. ಲೇಲ್ಯಾಂಡ್ ಅಂದರೆ ಯಾರ ಹೆಸರು ಸರ್? ಅಲ್ಲಿ ಓಡುತ್ತಿದ್ದದ್ದೂ ಇದೇ ಲಾರಿಯಾ?
(ತಿಪಟೂರಿನಿಂದ ಒಬ್ಬ ಓದುಗರು)

ಲೇಲ್ಯಾಂಡ್ ಮನುಷ್ಯರ ಹೆಸರಲ್ಲ, ಊರಿನ ಹೆಸರು. ಪ್ರೆಸ್ಟನ್ ಪಟ್ಟಣದಿಂದ ದಕ್ಷಿಣಕ್ಕೆ ಐದಾರು ಮೈಲಿ. ಕಾಮೆಟ್ ಅಲ್ಲಿ ಬಂದದ್ದು 1947ರಲ್ಲಿ. ಅದರ ಮರುವರ್ಷ ಮದ್ರಾಸಿನ ಹತ್ತಿರ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಶುರುವಾಯಿತು. ಮೊದಲು ಅವರು ಆಸ್ಟಿನ್ ಕಾರು ಜೋಡಿಸುತ್ತಿದ್ದರು, ಆಮೇಲೆ ಕಾಮೆಟ್ ಲಾರಿಗೆ ಕೈ ಹಾಕಿದರು. 1955ರಲ್ಲಿ ಕಂಪನಿಯ ಹೆಸರು ಅಶೋಕ್ ಲೇಲ್ಯಾಂಡ್ ಆಯಿತು. ಹಾಗಾಗಿ ನಿಮ್ಮ ತಾತನ ಲಾರಿಯ ತವರುಮನೆ ಲ್ಯಾಂಕಶೈರೇ.

ಆದರೆ ನಮ್ಮಲ್ಲಿ ಕಾಮೆಟ್ ಅಂದರೆ ದೊಡ್ಡ ಲಾರಿ. ಅಲ್ಲಿ ಅದು ಮಧ್ಯಮ ಗಾತ್ರದ್ದು. ಲೇಲ್ಯಾಂಡ್‌ನವರು ದೊಡ್ಡ ಲಾರಿಗಳಿಗೆ ಪ್ರಾಣಿಗಳ ಹೆಸರಿಡುತ್ತಿದ್ದರು. ನಾಲ್ಕು ಚಕ್ರದ್ದು ಬೀವರ್, ಆರು ಚಕ್ರದ್ದು ಹಿಪ್ಪೋ, ಎಂಟು ಚಕ್ರದ್ದು ಆಕ್ಟೋಪಸ್. ಹಿಂದಿನ ಜೋಡಿ ಟೈರನ್ನು ಒಂದೇ ಚಕ್ರ ಅಂತ ಲೆಕ್ಕ ಹಿಡಿಯುತ್ತಿದ್ದರು. ಆಕ್ಟೋಪಸ್ ಅಂದರೆ ನಾಲ್ಕು ಆಕ್ಸಲ್, ಅದರಲ್ಲಿ ಎರಡು ಮುಂದೆ. ನಾನು ಅದನ್ನು ಮೊದಲ ಸಲ ಕಂಡಾಗ ಸುಮ್ನೆ ನಿಂತು ನೋಡಿದ್ದೆ. ಎರಡು ಜೊತೆ ಮುಂಗಾಲು ಒಟ್ಟಿಗೆ ತಿರುಗುತ್ತವೆ!

ನಾನು ಹತ್ತಿದ್ದು ಮಾತ್ರ ಲೇಲ್ಯಾಂಡ್ ಅಲ್ಲ, ಅಟ್ಕಿನ್ಸನ್. ಅದೂ ಪ್ರೆಸ್ಟನ್ ಪಕ್ಕದಲ್ಲೇ, ವಾಲ್ಟನ್-ಲಿ-ಡೇಲ್‌ನಲ್ಲಿ ತಯಾರಾಗುತ್ತಿತ್ತು. ಎಂಟು ಚಕ್ರ, ಎಂಜಿನ್ ಗಾರ್ಡ್‌ನರ್ 6ಎಲ್‌ಡಬ್ಲ್ಯೂ. ಮ್ಯಾಂಚೆಸ್ಟರ್ ಹತ್ತಿರದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಮಾಡುತ್ತಿದ್ದ ಎಂಜಿನ್ ಅದು. 112 ಅಶ್ವಶಕ್ತಿ, ಅಷ್ಟೇ. ಟ್ರೇಲರ್ ಸೇರಿ 32 ಟನ್ ಅದೇ ಎಳೆಯಬೇಕು. ನಿಂತಲ್ಲಿ ಓಡುವಾಗ ಒಂದೊಂದು ಪೆಟ್ಟನ್ನೂ ಎಣಿಸಬಹುದಿತ್ತು, ಅಷ್ಟು ನಿಧಾನ, ಅಷ್ಟು ಸಮ. ಇವತ್ತಿಗೂ ಆ ಸದ್ದು ನನ್ನ ಕಿವಿಯಲ್ಲಿದೆ.

ಪ್ರಶ್ನೆ: ನಮ್ಮ ಬಸ್ಸುಗಳ ಹಾಗೆ ಅಲ್ಲಿ ಲಾರಿಗಳೂ ಸರ್ಕಾರದ್ದಾಗಿದ್ದವಂತೆ. ನಿಜವೇ?
(ಹಾಸನದಿಂದ ನಿವೃತ್ತ ಮೇಷ್ಟ್ರು)

ನಿಜ. 1947ರ ಸಾರಿಗೆ ಕಾಯ್ದೆ ಬಂದ ಮೇಲೆ ದೂರದ ಊರುಗಳಿಗೆ ಬಾಡಿಗೆ ಹೊಡೆಯುವ ಖಾಸಗಿ ಲಾರಿ ಕಂಪನಿಗಳನ್ನು ಸರ್ಕಾರ ಕೊಂಡುಕೊಂಡಿತು. ಉಳಿದ ಬಾಡಿಗೆ ಲಾರಿಯವರು ತಮ್ಮ ಶೆಡ್ಡಿನಿಂದ 25 ಮೈಲಿಯೊಳಗೇ ಓಡಿಸಬೇಕಾಗಿತ್ತು. ತನ್ನದೇ ಸರಕು ಸಾಗಿಸುವ ಕಾರ್ಖಾನೆಯವರಿಗೆ ಈ ಕಟ್ಟು ಇರಲಿಲ್ಲ. ಸರ್ಕಾರದ ಸಂಸ್ಥೆಗೆ ಬ್ರಿಟಿಷ್ ರೋಡ್ ಸರ್ವೀಸಸ್ ಅಂತ ಹೆಸರು, ಬಾಯಿಮಾತಲ್ಲಿ ಬಿ.ಆರ್.ಎಸ್. ಲಾರಿಗಳು ಕೆಂಪು. 1953ರಲ್ಲಿ ಬೇರೆ ಪಕ್ಷದ ಸರ್ಕಾರ ವಾಪಸ್ ಮಾರಲು ಹೊರಟಿತು, ಆದರೆ ಎಲ್ಲವೂ ಮಾರಾಟವಾಗಲಿಲ್ಲ. ನಾನು ಹೋದಾಗಲೂ ಕೆಂಪು ಲಾರಿಗಳು ರಸ್ತೆ ತುಂಬ ಇದ್ದವು.

ಪ್ರಶ್ನೆ: ನಮ್ಮಪ್ಪ 30 ವರ್ಷ ಕ್ಲೀನರ್ ಆಗಿದ್ದವರು. ಅಲ್ಲಿನ ಲಾರಿಗಳಲ್ಲಿ ಕ್ಲೀನರ್ ಇರುತ್ತಿದ್ದರಾ? ನೀವು ಏನು ಕೆಲಸ ಮಾಡುತ್ತಿದ್ದಿರಿ?
(ಹುಬ್ಬಳ್ಳಿಯಿಂದ ಒಬ್ಬ ಓದುಗಿ)

ಈ ಕಾಗದ ಓದಿ ತುಂಬ ಖುಷಿಯಾಯಿತಮ್ಮ. ಯಾಕೆಂದರೆ ನಾನೂ ಕ್ಲೀನರ್ರೇ. ದಾವಣಗೆರೆಯಲ್ಲಿ ನಮ್ಮ ಸೋದರಮಾವನ ಲಾರಿಯಲ್ಲಿ ಹತ್ತಿ ಅಂಡಿಗೆ ಸಾಗಿಸುವಾಗ ಕಲಿತ ಕೆಲಸ.

ಅಲ್ಲಿ ಮಾಮೂಲಿ ಲಾರಿಗೆ ಡ್ರೈವರ್ ಒಬ್ಬರೇ. ಹಿಂದೆ ಟ್ರೇಲರ್ ಕಟ್ಟಿದರೆ ಮಾತ್ರ ಇನ್ನೊಬ್ಬ ಇರಲೇಬೇಕು ಅಂತ ಕಾನೂನು. ಅವನನ್ನು ಟ್ರೇಲರ್ ಮೇಟ್ ಅನ್ನುತ್ತಿದ್ದರು. ನಾನು ಮೆಕ್ಯಾನಿಕ್ ಕೆಲಸ ಹುಡುಕಿಕೊಂಡು ಹೋದವನು. 1962ರ ಜುಲೈನಲ್ಲಿ ವಲಸೆ ಕಾನೂನು ಬಿಗಿಯಾಗುವ ಮುಂಚೆ ಅಲ್ಲಿ ಇಳಿದೆ. ಗ್ಯಾರೇಜಿನಲ್ಲಿ ಜಾಗ ಇಲ್ಲ, ಮೇಟ್ ಕೆಲಸ ಇದೆ ಅಂದರು. ಒಪ್ಪಿಕೊಂಡೆ.

ಕೆಲಸ ಬಹಳ. ಟ್ರೇಲರ್ ಸೇರಿಸೋದು, ಬಿಚ್ಚೋದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಕೈ ತೋರಿಸೋದು, ಟೈರಿಗೆ ಸುತ್ತಿಗೆಯಿಂದ ಬಡಿದು ಗಾಳಿ ನೋಡೋದು. ಕ್ಯಾಬಿನ್‌ನಲ್ಲಿ ನನ್ನ ಪಕ್ಕ ಟ್ರೇಲರ್ ಬ್ರೇಕಿಗೇ ಬೇರೆ ಲಿವರ್ ಇತ್ತು. ಇಳಿಜಾರಿನಲ್ಲಿ ಡ್ರೈವರ್ 'ಈಗ' ಅಂದರೆ ಎರಡೂ ಕೈಯಲ್ಲಿ ಎಳೆಯಬೇಕು. ನಮ್ಮ ಲಾರಿಯಲ್ಲಿ ಹೀಟರ್ ಇರಲಿಲ್ಲ. ಎಂಜಿನ್ ನಮ್ಮಿಬ್ಬರ ನಡುವೆ, ಮೇಲೊಂದು ಮುಚ್ಚಳ. ಎಂಜಿನ್ ಕಡೆಯ ಕಾಲು ಸುಡುತ್ತಿತ್ತು, ಬಾಗಿಲ ಕಡೆಯ ಕಾಲು ಮರಗಟ್ಟುತ್ತಿತ್ತು.

ನಮ್ಮ ಡ್ರೈವರ್‌ಗೆ ಐವತ್ತು ದಾಟಿತ್ತು. ನಾನು ಸರ್ ಅಂದೆ. ಸರ್ ಬೇಡ, ಹೆಸರು ಹಿಡಿದು ಕರಿ ಅಂದರು. ಅಪ್ಪನ ವಯಸ್ಸಿನವರನ್ನು ಹೇಗೆ ಹಾಗೆ ಕರೆಯೋದು? ಆರು ವರ್ಷದಲ್ಲಿ ಒಂದು ದಿನವೂ ನನ್ನ ಬಾಯಿಂದ ಬರಲಿಲ್ಲ. ಕೊನೆಗೆ ಅವರೇ ಬಿಟ್ಟುಬಿಟ್ಟರು.

ಪ್ರಶ್ನೆ: ಆಗಿನ ಲಾರಿಗಳ ಫೋಟೋ ನೋಡಿದೆ. ಪಕ್ಕದ ಹಲಗೆಯೇ ಇಲ್ಲ! ಬರೀ ಮಣೆಯ ಹಾಗೆ ಚಪ್ಪಟೆ. ಲೋಡು ಬೀಳುತ್ತಿರಲಿಲ್ಲವೇ?
(ಚಳ್ಳಕೆರೆಯಿಂದ ಒಬ್ಬ ಲಾರಿ ಮಾಲೀಕರು)

ಎಲ್ಲ ಕಾಗದಗಳಲ್ಲಿ ಇದೇ ಸರಿಯಾದ ಪ್ರಶ್ನೆ. ಜನ ಎಂಜಿನ್ ಕೇಳುತ್ತಾರೆ, ಗೇರು ಕೇಳುತ್ತಾರೆ. ನನ್ನ ಮಟ್ಟಿಗೆ ಆ ಕಾಲದ ಲಾರಿ ಕೆಲಸ ಅಂದರೆ ಹಗ್ಗ ಮತ್ತು ಟಾರ್ಪಾಲು. ಡ್ರೈವರ್ ಎಂಥವರು ಅನ್ನೋದನ್ನು ಅವರ ಲೋಡು ನೋಡಿಯೇ ಹೇಳುತ್ತಿದ್ದರು.

ಲಿವರ್‌ಪೂಲ್ ಬಂದರಿನಲ್ಲಿ ಸಕ್ಕರೆ ಮೂಟೆ ಅಥವಾ ಹತ್ತಿ ಅಂಡಿಗೆ ಹಾಕುತ್ತಾರೆ ಅಂತ ಇಟ್ಟುಕೊಳ್ಳಿ. ಮೊದಲು ಹಿಂದಿನ ಟಾರ್ಪಾಲು ಹೊದಿಸಬೇಕು. ಮುಂದಿನದು ಆಮೇಲೆ, ಅದರ ಮೇಲೆ ಒಂದು ಮೊಳ ಬರುವ ಹಾಗೆ. ಹೆಂಚು ಹೊದಿಸಿದ ಹಾಗೇ. ಇದು ತಿರುವುಮುರುವಾದರೆ ಎದುರುಗಾಳಿ ಸಂದಿಗೆ ನುಗ್ಗಿ ಟಾರ್ಪಾಲನ್ನು ಎತ್ತಿ ಹಾಕುತ್ತದೆ, ಮಳೆ ನೇರ ಮೂಟೆಗೆ. ಮೂಲೆಗಳನ್ನು ಪುಸ್ತಕಕ್ಕೆ ಬೈಂಡು ಹಾಕುವ ಹಾಗೆ ಒಳಕ್ಕೆ ಮಡಚಬೇಕು. ಮಡಿಕೆಯ ಬಾಯಿ ಹಿಂದಕ್ಕಿರಬೇಕು, ಮುಂದಕ್ಕಲ್ಲ.

ಆಮೇಲೆ ಹಗ್ಗ. ಲಾರಿಯ ಅಂಚಿನ ಕೆಳಗೆ ಸಾಲಾಗಿ ಕಬ್ಬಿಣದ ಕೊಕ್ಕೆ. ಹಗ್ಗದ ಒಂದು ತುದಿ ಒಂದು ಪಕ್ಕದ ಕೊಕ್ಕೆಗೆ ಕಟ್ಟಿ, ಸುರುಳಿಯನ್ನು ಲೋಡಿನ ಮೇಲಿಂದ ಆಚೆ ಎಸೆಯೋದು. ಆಚೆ ಪಕ್ಕ ಹಾಕುವ ಗಂಟಿಗೆ ಡಾಲಿ ಅಂತ ಹೆಸರು. ಮೇಲಿಂದ ಇಳಿದ ಹಗ್ಗವನ್ನು ಎದೆಯ ಎತ್ತರದಲ್ಲಿ ಹಿಡಿಯಿರಿ. ಅಲ್ಲೊಂದು ಸಣ್ಣ ಸುತ್ತು ಮಾಡಿ. ಕೆಳಗಿನ ಹಗ್ಗವನ್ನು ಮಡಚಿ ಆ ಸುತ್ತಿನೊಳಗೆ ತೂರಿಸಿ. ಈಗ ಮೇಲೊಂದು ಪುಟ್ಟ ಕಿವಿ, ಕೆಳಗೊಂದು ಉದ್ದ ಕುಣಿಕೆ. ಆ ಕುಣಿಕೆಯೊಳಗಿಂದ ಉಳಿದ ಹಗ್ಗವನ್ನು ಎಳೆದುಕೊಂಡು ಕೊಕ್ಕೆಗೆ ಸಿಕ್ಕಿಸಿ, ಮೈಭಾರ ಬಿಟ್ಟು ಜಗ್ಗಿ. ರಾಟೆಯ ಹಾಗೆ ಕೆಲಸ ಮಾಡುತ್ತದೆ. ಒಬ್ಬನ ಬಲಕ್ಕೆ ಇಬ್ಬರ ಬಿಗಿ. ಬಿಚ್ಚುವಾಗ ಕೊಕ್ಕೆಯಿಂದ ತೆಗೆದು ಒಂದು ಸಲ ಜಾಡಿಸಿದರೆ ಸಾಕು, ಗಂಟೇ ಉಳಿಯಲ್ಲ. ನಮ್ಮ ದಾವಣಗೆರೆಯ ಹಮಾಲರು ಹಾಕುತ್ತಿದ್ದದ್ದೂ ಇದೇ ಜಾತಿಯ ಗಂಟು. ಅದನ್ನು ಅಲ್ಲಿ ನೋಡಿದಾಗ ಊರಿನವರು ಸಿಕ್ಕ ಹಾಗಾಗಿತ್ತು.

ಎಲ್ಲ ಕಟ್ಟಿದ ಮೇಲೆ ಡ್ರೈವರ್ ಲಾರಿ ಸುತ್ತ ನಡೆದು ಒಂದೊಂದು ಹಗ್ಗವನ್ನೂ ಬೆರಳಿಂದ ಮೀಟುತ್ತಿದ್ದರು. ಟಂಯ್ ಅನ್ನಬೇಕು. ಹತ್ತು ಹದಿನೈದು ಮೈಲಿ ಹೋದ ಮೇಲೆ ಮತ್ತೆ ನಿಲ್ಲಿಸಿ ಬಿಗಿ ಮಾಡೋದು, ಯಾಕೆಂದರೆ ಅಷ್ಟರಲ್ಲಿ ಲೋಡು ಕುಳಿತಿರುತ್ತದೆ.

ಒಂದು ಸಲ ನಾನು ಅವಸರದಲ್ಲಿ ಮುಂದಿನ ಎಡಮೂಲೆಯ ಮಡಿಕೆಯನ್ನು ಉಲ್ಟಾ ಹಾಕಿದೆ. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ನಾಲ್ಕು ಮೂಟೆ ಸಕ್ಕರೆ ಪಾಕ. ಕಂಪನಿಯವರು ನನ್ನ ಸಂಬಳದಲ್ಲಿ ಹಿಡಿದರು. ಅರ್ಧ ದುಡ್ಡು ಡ್ರೈವರ್ ತಮ್ಮ ಜೇಬಿಂದ ಕೊಟ್ಟರು, 'ನಾನೂ ನೋಡಲಿಲ್ಲವಲ್ಲ' ಅಂದರು. ಮುಂದಿನ ಭಾನುವಾರ ಖಾಲಿ ಶೆಡ್ಡಿನಲ್ಲಿ ನನ್ನ ಕೈಲಿ ಆ ಮೂಲೆಯನ್ನು ಮಧ್ಯಾಹ್ನದವರೆಗೆ ಮಡಚಿಸಿದರು. ಒಂದು ಬೈಗುಳ ಇಲ್ಲ.

ಪ್ರಶ್ನೆ: ಎಷ್ಟು ಸ್ಪೀಡಲ್ಲಿ ಹೋಗುತ್ತಿದ್ದಿರಿ?
(ಬಳ್ಳಾರಿಯಿಂದ)

ಭಾರಿ ಲಾರಿಗಳಿಗೆ 1957ರವರೆಗೆ ಗಂಟೆಗೆ 20 ಮೈಲಿ ಮಿತಿ, ಅಂದರೆ 32 ಕಿಲೋಮೀಟರ್. ಆಮೇಲೆ 30 ಮೈಲಿ ಮಾಡಿದರು. ದಿನಕ್ಕೆ 11 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಐದೂವರೆ ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಕಡ್ಡಾಯ. ಇದು 1930ರ ಕಾನೂನು. ನಮ್ಮ ಹುಡುಗರು ಇವತ್ತಿಗೂ ರಾತ್ರಿ ಹಗಲು ನಿದ್ದೆಗೆಟ್ಟು ಓಡಿಸುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಅಲ್ಲಿ ಘಾಟಿ ರಸ್ತೆ, ಹಿಮ ಎಲ್ಲ ಹೇಗೆ? ಊಟ, ಮಲಗೋದು ಎಲ್ಲಿ?
(ಸಕಲೇಶಪುರದಿಂದ ಒಬ್ಬ ಡ್ರೈವರ್)

ನಿಮಗೆ ಶಿರಾಡಿ ಹೇಗೋ, ನಮಗೆ ಶ್ಯಾಪ್ ಹಾಗೆ. ಸ್ಕಾಟ್ಲೆಂಡಿಗೆ ಹೋಗುವ ಎ6 ರಸ್ತೆಯಲ್ಲಿ ಕೆಂಡಾಲ್ ಮತ್ತು ಪೆನ್ರಿತ್ ನಡುವೆ ಆ ಗುಡ್ಡ. ನೆತ್ತಿ ಸುಮಾರು 1,400 ಅಡಿ, ನಮ್ಮ ಆಗುಂಬೆಗಿಂತ ಕಡಿಮೆ. ಆದರೆ ಮರ ಇಲ್ಲ, ಮರೆ ಇಲ್ಲ, ಬರೀ ಗಾಳಿ. ಹತ್ತುವಾಗ ಕೆಳಗಿನ ಗೇರು. ನಾನು ಇಳಿದು ಪಕ್ಕದಲ್ಲಿ ನಡೆದರೂ ಲಾರಿ ನನ್ನನ್ನು ದಾಟುತ್ತಿರಲಿಲ್ಲ. ಗುಡ್ಡ ಹತ್ತುವ ಮುಂಚೆ ಜಂಗಲ್ ಕೆಫೆ ಅಂತ ಒಂದು ಜಾಗ. ಲಾರಿಯವರೆಲ್ಲ ಅಲ್ಲಿ ನಿಲ್ಲುತ್ತಿದ್ದರು. ಮೇಲಿಂದ ಇಳಿದು ಬಂದವರು ಬಾಗಿಲಲ್ಲೇ ನಿಂತು ರಸ್ತೆ ಹೇಗಿದೆ ಅಂತ ಹೇಳುತ್ತಿದ್ದರು. ಅದೇ ನಮ್ಮ ರೇಡಿಯೋ.

1962ರ ಡಿಸೆಂಬರ್ ಕೊನೆಗೆ ಶುರುವಾದ ಹಿಮ ಮಾರ್ಚ್ ತನಕ ಬಿಡಲಿಲ್ಲ. ನನಗೆ ಅದೇ ಮೊದಲ ಚಳಿಗಾಲ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತಿತ್ತು. ಕೆಲವರು ಎಣ್ಣೆಬಟ್ಟೆ ಹೊತ್ತಿಸಿ ಟ್ಯಾಂಕಿನ ಕೆಳಗೆ ಹಿಡಿಯುತ್ತಿದ್ದರು. ನಮ್ಮ ಡ್ರೈವರ್ ಅದಕ್ಕೆ ಒಪ್ಪಲಿಲ್ಲ. ಸೀಮೆಎಣ್ಣೆ ಬೆರೆಸುತ್ತಿದ್ದರು, ಪೈಪಿಗೆ ಗೋಣಿ ಸುತ್ತಿ ಬಿಸಿನೀರು ಹೊಯ್ಯುತ್ತಿದ್ದರು. ಟಾರ್ಪಾಲು ತಗಡಿನ ಹಾಗೆ ಸೆಟೆದುಕೊಂಡಿರುತ್ತಿತ್ತು. ಮಡಚಲು ಹೋದರೆ ಉಗುರು ಕಿತ್ತುಬರುತ್ತಿತ್ತು.

ಊಟ ರಸ್ತೆ ಪಕ್ಕದ ಕೆಫೆಯಲ್ಲಿ. ನಾನು ಮಾಂಸ ತಿನ್ನುತ್ತಿರಲಿಲ್ಲ. ಬ್ರೆಡ್ಡು, ಬೇಯಿಸಿದ ಬೀನ್ಸು, ಆಲೂಗಡ್ಡೆ ಚಿಪ್ಸು, ಚೊಂಬಿನಂಥ ಮಗ್ಗಿನಲ್ಲಿ ಚಹಾ. ಮಲಗೋದು ಡ್ರೈವರ್‌ಗಳಿಗೆ ಅಂತಲೇ ಇದ್ದ ವಸತಿ ಮನೆಗಳಲ್ಲಿ. ಒಂದು ಕೋಣೆಗೆ ನಾಲ್ಕು ಐದು ಮಂಚ.

ಒಂದು ರಾತ್ರಿ ಒಂದು ಮನೆಯವರು ನನ್ನ ಮುಖ ನೋಡಿ, ನಿಮಗೆ ಮಂಚ ಇದೆ, ಇವನಿಗೆ ಇಲ್ಲ ಅಂದರು. ಕೋಣೆಯಲ್ಲಿ ಎರಡು ಮಂಚ ಖಾಲಿ ಇದ್ದದ್ದು ನನಗೂ ಕಾಣುತ್ತಿತ್ತು. ನಮ್ಮ ಡ್ರೈವರ್ ಒಂದು ಮಾತೂ ಆಡಲಿಲ್ಲ. ಬಿಚ್ಚಿದ್ದ ಬೂಟನ್ನು ಮತ್ತೆ ಹಾಕಿಕೊಂಡರು. ಇಬ್ಬರೂ ಕ್ಯಾಬಿನ್‌ಗೆ ಬಂದೆವು. ಎಂಜಿನ್ನಿನ ಬಿಸಿ ಆರುವ ತನಕ ಅದರ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು, ಒಣ ಟಾರ್ಪಾಲು ಒಂದನ್ನು ಇಬ್ಬರೂ ಹೊದ್ದುಕೊಂಡು ಕುಳಿತೆವು. ಆಮೇಲೆ ಅವರು ಆ ಮನೆಗೆ ಯಾವತ್ತೂ ಹೋಗಲಿಲ್ಲ. ಅವರಿಂದ ಕೇಳಿ ಇನ್ನೂ ಕೆಲವು ಡ್ರೈವರ್‌ಗಳು ಹೋಗೋದು ಬಿಟ್ಟರು.

ಪ್ರಶ್ನೆ: ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಳೆ, ಬೇಸಿಗೆಗೆ ಹೋಗುತ್ತಿದ್ದೇವೆ. ಈ ಲಾರಿಗಳನ್ನು ಈಗ ನೋಡಬಹುದೇ?
(ಮೈಸೂರಿನಿಂದ ದಂಪತಿ)

ಖಂಡಿತ ನೋಡಿ. ಲೇಲ್ಯಾಂಡ್ ಊರಿನಲ್ಲೇ ಹಳೇ ಲಾರಿ, ಬಸ್ಸುಗಳ ಮ್ಯೂಸಿಯಂ ಇದೆ, 1983ರಲ್ಲಿ ಶುರುವಾದದ್ದು. ಒಂದು ದಿನದಲ್ಲಿ ಹೋಗಿ ಬರಬಹುದು.

ಪ್ರಶ್ನೆ: ತಾತಾ, ನಾನು ರಟ್ಟಿನಲ್ಲಿ ಎಂಟು ಚಕ್ರದ ಲಾರಿ ಮಾಡುತ್ತಿದ್ದೇನೆ. ಯಾವ ಬಣ್ಣ ಹಚ್ಚಲಿ?
(ಗಂಗಾವತಿಯಿಂದ, ಏಳನೇ ತರಗತಿ)

ಕೆಂಪು ಹಚ್ಚು ಕಂದಾ, ಬಿ.ಆರ್.ಎಸ್. ಕೆಂಪು. ಮುಂದಿನ ಎರಡೂ ಆಕ್ಸಲ್ ತಿರುಗುವ ಹಾಗೆ ಮಾಡು. ಅಂಚಿನ ಕೆಳಗೆ ಕೊಕ್ಕೆ ಹಾಕೋದು ಮರೆಯಬೇಡ, ಗುಂಡುಪಿನ್ನು ಬಗ್ಗಿಸಿದರೆ ಸಾಕು. ಮೇಲೆ ಬೆಂಕಿಪೊಟ್ಟಣ ಜೋಡಿಸಿ, ಹಳೇ ಕರ್ಚೀಫು ಹೊದಿಸಿ, ದಾರದಿಂದ ಡಾಲಿ ಗಂಟು ಹಾಕಿ ನೋಡು. ಮೇಲೆ ಬರೆದಿದ್ದೇನಲ್ಲ, ಅದನ್ನು ಓದಿಕೊಂಡು ಮಾಡು. ಗಂಟು ಕೂರದಿದ್ದರೆ ಮತ್ತೆ ಕಾಗದ ಬರಿ, ಚಿತ್ರ ಬಿಡಿಸಿ ಕಳಿಸುತ್ತೇನೆ.