ಸ್ಕ್ಯಾನಿಂಗ್ ನಾರ್ಮಲ್ ಅಂದರು, ತಲೆ ಮಾತ್ರ ಸರಿಹೋಗಲಿಲ್ಲ

ತಲೆಗೆ ಪೆಟ್ಟು ಬಿದ್ದ ಮೇಲೆ ನನ್ನ ಬಳಿ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು. ಹೆಸರು, ವಯಸ್ಸು, ಕೆಲಸ, ಏರಿಯಾ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. "ಬರೀರಿ ಮೇಡಂ, ಆದ್ರೆ ಹೆಲ್ಮೆಟ್ ವಿಷಯ ಬಿಡಬೇಡಿ" ಅಂದರು. ಮಂಜುನಾಥ್ ಎಂದು ಕರೆಯೋಣ.

ವಯಸ್ಸು 36. ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಒಂದು ಸಂಜೆ ಮೈಸೂರು ರಸ್ತೆಯ ಸಿಗ್ನಲ್‌ನಲ್ಲಿ ಅವರ ಸ್ಕೂಟರಿನ ಕನ್ನಡಿ ಪಕ್ಕದ ಬೈಕಿಗೆ ತಾಗಿತು. "ಏನಾಯ್ತಣ್ಣ, ಸಾರಿ" ಅನ್ನೋಣವೆಂದು ಇವರು ಹೆಲ್ಮೆಟ್ ತೆಗೆದರು. ಅವನೂ ತೆಗೆದ. ತೆಗೆದು ಅದರಲ್ಲೇ ಇವರ ತಲೆಗೆ ಮೂರು ಸಲ ಬಾರಿಸಿದ. ಸುತ್ತ ಜನ ಇದ್ದರು. ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ.

ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿ, ಸಿ.ಟಿ. ಸ್ಕ್ಯಾನ್ ಮಾಡಿ, "ನಾರ್ಮಲ್ ಇದೆ, ರೆಸ್ಟ್ ತಗೊಳ್ಳಿ" ಎಂದು ಕಳಿಸಿದರು. ಎಷ್ಟು ದಿನ ರೆಸ್ಟ್, ಎಂಥ ರೆಸ್ಟ್, ಯಾರೂ ಹೇಳಲಿಲ್ಲ. ನನ್ನ ಬಳಿ ಬಂದದ್ದು ಏಳು ವಾರದ ನಂತರ. ಅಷ್ಟೂ ದಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡು ಒಳಗಿನ ಕೋಣೆಯಲ್ಲಿ ಮಲಗಿದ್ದರು. ತಲೆನೋವು, ತಲೆಸುತ್ತು. ಕುಕ್ಕರ್ ಕೂಗಿದರೆ ಸಿಟ್ಟು. ಲೆಡ್ಜರ್ ತೆರೆದರೆ ಅಂಕಿಗಳು ಈಜಾಡುತ್ತಿದ್ದವು. ಅಮ್ಮ ದೃಷ್ಟಿ ತೆಗೆದಿದ್ದರು. ಹೆಂಡತಿಯ ಅಣ್ಣ ಮಾತ್ರ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: "ಸ್ಕ್ಯಾನಿಂಗ್ ನಾರ್ಮಲ್ ಅಲ್ವಾ? ಇನ್ನೇನು?"

ಮೊದಲ ಭೇಟಿಯಲ್ಲಿ ಆ ಪ್ರಶ್ನೆಗೇ ಉತ್ತರ ಕೊಟ್ಟೆ. ಸಿ.ಟಿ.ಯಲ್ಲಿ ನೋಡುವುದು ಮುಖ್ಯವಾಗಿ ರಕ್ತ ಸೋರಿದೆಯೇ, ಮೂಳೆ ಬಿರಿದಿದೆಯೇ ಎಂದು. ಕನ್ಕಷನ್‌ನಲ್ಲಿ, ಅಂದರೆ ಪೆಟ್ಟಿಗೆ ಮಿದುಳು ಅಲುಗಿದಾಗ, ಕೆಡುವುದು ಅದು ಕೆಲಸ ಮಾಡುವ ರೀತಿ. ಮೇಲಿನಿಂದ ಊರಿನ ಫೋಟೋ ತೆಗೆದರೆ ರಸ್ತೆ ಚೆನ್ನಾಗಿಯೇ ಕಾಣುತ್ತದೆ, ಸಿಗ್ನಲ್ ಕೆಟ್ಟಿರುವುದು ಅದರಲ್ಲಿ ಗೊತ್ತಾಗುವುದಿಲ್ಲ. ಅವರ ಹೆಂಡತಿ ಇದನ್ನು ಕೇಳಿ ಅತ್ತುಬಿಟ್ಟರು. ಇಷ್ಟು ದಿನ ಇವರು ನಾಟಕ ಮಾಡುತ್ತಿದ್ದಾರೇನೋ ಎಂಬ ಅನುಮಾನ ಅವರಿಗೂ ಇತ್ತು.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಗಾಡಿ ಹಾರ್ನ್ ಕೇಳಿದರೆ ಎದೆ ಹೊಡೆದುಕೊಳ್ಳುವುದು, ರಾತ್ರಿ ಅದೇ ಕನಸು, ಸಿಗ್ನಲ್ ಕಡೆ ಹೋಗಲು ಹೆದರಿಕೆ. ಇಷ್ಟನ್ನು ಕೇಳಿದ ಮೇಲೆ ತಲೆಸುತ್ತನ್ನೂ ನಾನು ಭಯದ ಲೆಕ್ಕಕ್ಕೇ ಬರೆದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಎರಡು ವಾರವಾದರೂ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆಮೇಲೆ ಕೇಳಬೇಕಾದ ಪ್ರಶ್ನೆ ಕೇಳಿದೆ: "ಸುತ್ತು ಬರೋದು ಯಾವಾಗ?" "ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಮೇಡಂ. ಚಾವಣಿ ಗಿರ್ ಅಂತ ತಿರುಗುತ್ತೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತೆ."

ಅದು ಭಯ ಅಲ್ಲ. ತಲೆಗೆ ಪೆಟ್ಟು ಬಿದ್ದಾಗ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದರೆ ಹೀಗೆ ಆಗುತ್ತದೆ. ಕಿವಿ-ಮೂಗು-ಗಂಟಲು ವೈದ್ಯರ ಬಳಿ ಕಳಿಸಿದೆ. ಅವರು ಪರೀಕ್ಷೆ ಮಾಡಿ, ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸುವ ಎಪ್ಲಿ ವಿಧಾನದಿಂದ ಎರಡೇ ಭೇಟಿಯಲ್ಲಿ ಬಹುಪಾಲು ಸರಿಮಾಡಿದರು. ಒಂಬತ್ತು ವಾರ ಸುಮ್ನೆ ಅನುಭವಿಸಿದ್ದರು ಮನುಷ್ಯ.

ಅಲ್ಲಿಂದ ದಾರಿ ಸ್ಪಷ್ಟವಾಯಿತು. ಲೆಕ್ಕದವರಲ್ವಾ, ಒಂದು ನೋಟ್‌ಬುಕ್‌ನಲ್ಲಿ ಎರಡು ಖಾತೆ ತೆರೆಯಲು ಹೇಳಿದೆ. ಒಂದು ತಲೆಯದು, ಇನ್ನೊಂದು ಭಯದ್ದು. ಕಂಪ್ಯೂಟರ್ ಪರದೆ ನೋಡಿ, ಓದಿ, ಓಡಾಡಿ ನೋವು ಜಾಸ್ತಿಯಾದರೆ ಮೊದಲನೆಯದಕ್ಕೆ. ಹಾರ್ನ್, ಬೈಕು, ಸಂಜೆ ಆರು ಗಂಟೆ, ಹೆಲ್ಮೆಟ್ ಪಟ್ಟಿಯ ಟಕ್ ಶಬ್ದ, ಇವೆಲ್ಲ ಎರಡನೆಯದಕ್ಕೆ. ಯಾವುದೆಂದು ಗೊತ್ತಾಗದಿದ್ದರೆ ನಡುವೆ ಬರೆದಿಡಿ ಅಂದೆ. ಮೊದಲ ವಾರ ನಡುವೆಯೇ ಹೆಚ್ಚು ತುಂಬಿತ್ತು.

ಯಾಕೆ ಬೇರೆ ಮಾಡಬೇಕು? ಎರಡಕ್ಕೂ ಮದ್ದು ಬೇರೆ. ತಲೆಗೆ ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಕೆಲಸ ಹೆಚ್ಚಿಸಬೇಕು. ನೋವು ತುಸು ಏರಿದರೆ ಪರವಾಗಿಲ್ಲ, ಜೋರಾಗಿ ಏರಿದರೆ ಒಂದು ಹೆಜ್ಜೆ ಹಿಂದೆ. ವಾರಗಟ್ಟಲೆ ಕತ್ತಲಲ್ಲಿ ಮಲಗಿದರೆ ಚೇತರಿಕೆ ನಿಧಾನವಾಗುತ್ತದೆ. ಭಯವಂತೂ ಆ ಕತ್ತಲ ಕೋಣೆಯಲ್ಲೇ ಕೊಬ್ಬುತ್ತದೆ. ಅದಕ್ಕೆ ದೂರ ಓಡುವುದಲ್ಲ, ಮೆಲ್ಲಗೆ ಹತ್ತಿರ ಹೋಗುವುದೇ ದಾರಿ.

ಬೆಡ್‌ಶೀಟ್ ತೆಗೆಸಿದೆ. ಬೆಳಿಗ್ಗೆ ಹದಿನೈದು ನಿಮಿಷ ನಡಿಗೆ, ಇಪ್ಪತ್ತು ನಿಮಿಷ ಲೆಕ್ಕ, ಹತ್ತು ನಿಮಿಷ ಬಿಡುವು. ಮಲಗುವ, ಏಳುವ ಹೊತ್ತು ಒಂದೇ. ಕುಡಿತ ಬೇಡ. ಮಾತ್ರೆ ವಿಚಾರಿಸಿದರೆ ದಿನಾ ಎರಡು ನೋವಿನ ಮಾತ್ರೆ ನುಂಗುತ್ತಿದ್ದರು! ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಅದನ್ನು ಬಿಡಿಸುವ ಕೆಲಸ ವೈದ್ಯರಿಗೆ ಒಪ್ಪಿಸಿದೆ. ತಲೆನೋವು ಏರುತ್ತಲೇ ಹೋದರೆ, ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಎಬ್ಬಿಸಿದರೂ ಏಳದಂಥ ಮಂಪರು ಬಂದರೆ ನನಗೆ ಫೋನ್ ಮಾಡುತ್ತಾ ಕೂರಬೇಡಿ, 108ಕ್ಕೆ ಮಾಡಿ ಎಂದು ಹೆಂಡತಿಗೆ ಬರೆದುಕೊಟ್ಟೆ.

ಭಯದ ಖಾತೆ ನಿಧಾನ. ಘಟನೆಯಾಗಿ ತಿಂಗಳು ಕಳೆದರೂ ಕನಸು, ಬೆಚ್ಚುವಿಕೆ, ಆ ಜಾಗ ತಪ್ಪಿಸುವುದು ನಿಲ್ಲದಿದ್ದರೆ ಆಘಾತೋತ್ತರ ಒತ್ತಡದ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ನಿಮ್ಹಾನ್ಸ್‌ಗೆ ಚೀಟಿ ಬರೆದೆ. ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂದೆ. ನಿಮ್ಹಾನ್ಸ್ ಮನೋವೈದ್ಯರ ಸಲಹೆಯಂತೆ ಚಿಕಿತ್ಸೆಯ ಹೆಜ್ಜೆಗಳನ್ನು ನನ್ನ ಬಳಿಯೇ ಮುಂದುವರಿಸಿದೆವು. ಮೊದಲು ಹೆಲ್ಮೆಟ್ ಮೇಜಿನ ಮೇಲೆ. ಆಮೇಲೆ ಕೈಯಲ್ಲಿ. ಭಾನುವಾರ ಬೆಳಿಗ್ಗೆ ಏಳಕ್ಕೆ, ರಸ್ತೆ ಖಾಲಿ ಇರುವಾಗ, ಸಿಗ್ನಲ್ ಪಕ್ಕದ ಅಂಗಡಿಯಲ್ಲಿ ಹೆಂಡತಿ ಜೊತೆ ಟೀ. ಮೂರನೇ ಭಾನುವಾರ ಟೀ ಪೂರ್ತಿ ಕುಡಿದರು.

ಇಷ್ಟರ ಅಡಿಯಲ್ಲಿ ನಾಚಿಕೆ ಕೂತಿತ್ತು. "ಹೆಲ್ಮೆಟ್ ಯಾಕೆ ತೆಗೆದೆ ಮೇಡಂ? ತಿರುಗಿ ಒಂದು ಏಟಾದ್ರೂ ಕೊಡಲಿಲ್ಲ. ಮಗಳ ಕಣ್ಣಲ್ಲಿ ಹೊಡೆಸ್ಕೊಂಡು ಬಂದವನಾದೆ." ನಾನು ಸಮಾಧಾನ ಹೇಳಲಿಲ್ಲ. "ಯಾಕೆ ತೆಗೆದ್ರಿ?" ಎಂದೇ ಕೇಳಿದೆ. "ಸಾರಿ ಹೇಳೋಕೆ." "ಅದು ತಪ್ಪಾ?" ತುಂಬಾ ಹೊತ್ತು ಸುಮ್ಮನಿದ್ದರು. ಕೈ ಏಳದೇ ಹೋದದ್ದಕ್ಕೂ ಕಾರಣ ಹೇಳಿದೆ. ಅಪಾಯ ಎರಗಿದಾಗ ಮೈ ತನ್ನಷ್ಟಕ್ಕೆ ಮರಗಟ್ಟುವುದುಂಟು, ಧೈರ್ಯ ಇದ್ದವರಿಗೂ.

ದೂರು ಕೊಟ್ಟಿರಲಿಲ್ಲ. ಕೊಡಿ ಎಂದು ಒತ್ತಾಯಿಸಲಿಲ್ಲ, ಅದು ಅವರ ತೀರ್ಮಾನ. ಗೊತ್ತಿರಬೇಕಾದ್ದು ಮಾತ್ರ ಹೇಳಿದೆ: ಆಸ್ಪತ್ರೆಯ ಕಾಗದಗಳು, ಎಂಎಲ್‌ಸಿ (ಹಲ್ಲೆಯಂಥ ಗಾಯವನ್ನು ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಮಾಡುವ ದಾಖಲೆ) ಮಾಡಿದ್ದರೆ ಅದರ ವಿವರ ಜೋಪಾನ; ತಡವಾದರೂ ದೂರು ಕೊಡಬಹುದು, ತಡ ಯಾಕಾಯಿತೆಂದು ಬರೆಯಬೇಕು; ಘಟನೆ ಆ ಠಾಣೆಯ ವ್ಯಾಪ್ತಿಯಲ್ಲಿ ನಡೆಯದಿದ್ದರೂ ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಮಾಡಿಸಬಹುದು, ಪ್ರತಿ ಉಚಿತ. ನಾಲ್ಕನೇ ತಿಂಗಳಲ್ಲಿ, ಹೆಂಡತಿಯ ಅಣ್ಣನನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೊಟ್ಟರು. ಆರೋಪಿ ಇನ್ನೂ ಸಿಕ್ಕಿಲ್ಲ.

ಜೋರು ಗದ್ದಲದಲ್ಲಿ ತಲೆ ಈಗಲೂ ಭಾರವಾಗುತ್ತದೆ. ಸ್ಕೂಟರ್ ಹತ್ತಿದ್ದಾರೆ, ಸಂಜೆ ಮಾತ್ರ ಒಳರಸ್ತೆ ಹಿಡಿಯುತ್ತಾರೆ. ಹೊಸ ಹೆಲ್ಮೆಟ್‌ನ ಪಟ್ಟಿಯನ್ನು ದಿನಾ ಮಗಳೇ ಹಾಕುತ್ತಾಳೆ. ಹೋದ ಸಲ ಮುಂದಿನ ಭೇಟಿಗೆ 18ನೇ ತಾರೀಖು ಕೊಟ್ಟೆ. "ಬೇಡ ಮೇಡಂ, ಜಿಎಸ್‌ಟಿ ರಿಟರ್ನ್ ಇದೆ. 20 ದಾಟಲಿ" ಅಂದರು.